ಮನೆಯ ಸರ್ವರ್, ಕೆಲಸದ ವರ್ಕ್‌ಸ್ಟೇಷನ್: ನಮ್ಮ ಊರುಗಳಲ್ಲಿ ಬಿಡಿಭಾಗಗಳನ್ನು ಆರಿಸುವ ಬಗೆ

ಮನೆಯವರ ಕಡತಗಳನ್ನು ಒಂದೆಡೆ ಕಾದಿಟ್ಟು ಹಂಚುವ ಸರ್ವರ್ ಎಂಬ ಕಂಪ್ಯೂಟರ್ ಇರಲಿ, ದುಡಿಮೆಗೆಂದು ಜೋಡಿಸುವ ವರ್ಕ್‌ಸ್ಟೇಷನ್ ಇರಲಿ, ಅಂಗಡಿಯಲ್ಲಿ ಮಾತು ಶುರುವಾಗುವುದು ಬಹುಮಟ್ಟಿಗೆ ಪ್ರೊಸೆಸರಿನಿಂದ. ಐ5 ಸಾಕೋ, ಐ7 ಬೇಕೋ, ರೈಜನ್ ಒಳ್ಳೆಯದೋ ಎಂಬ ಚರ್ಚೆಯಲ್ಲಿ ಹಣದ ದೊಡ್ಡ ಪಾಲು ಕರಗಿದ ಮೇಲೆ, ಉಳಿದದ್ದರಲ್ಲಿ ಎಸ್‌ಎಂಪಿಎಸ್ (ಬಿಡಿಭಾಗಗಳಿಗೆ ಕರೆಂಟು ಹಂಚುವ ಪೆಟ್ಟಿಗೆ), ಹಾರ್ಡ್ ಡಿಸ್ಕ್ ಮತ್ತು ಯುಪಿಎಸ್ (ಕರೆಂಟು ಹೋದಾಗ ಆಸರೆಯಾಗುವ ಬ್ಯಾಟರಿ ಪೆಟ್ಟಿಗೆ) ಇವುಗಳನ್ನು ಹೇಗೋ ಹೊಂದಿಸಲಾಗುತ್ತದೆ. ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿಯಂಥ ಊರುಗಳಲ್ಲಿ ಈ ಕ್ರಮವನ್ನು ತಿರುವಿಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಣ್ಣ ಪ್ರೊಸೆಸರ್ ಹಾಕಿದ್ದರಿಂದ ಯಾರ ಕಡತವೂ ಕಳೆದುಹೋಗುವುದಿಲ್ಲ. ಅಡ್ಡಮಳೆಯ ಸಿಡಿಲು, ಹೋಗಿ ಬರುವ ಕರೆಂಟು, ಎರೆಭೂಮಿಯ ನುಣ್ಣನೆಯ ದೂಳು, ಒಂದೇ ಡಿಸ್ಕಿನ ಮೇಲಿಟ್ಟ ನಂಬಿಕೆ, ಇವುಗಳಿಂದ ಕಳೆದುಹೋಗುತ್ತವೆ. ಹಾಗಾಗಿ ಈ ಬರಹದಲ್ಲಿ ವಿದ್ಯುತ್ತು ಮತ್ತು ಸಂಗ್ರಹ ಮೊದಲು ಬರುತ್ತವೆ, ಪ್ರೊಸೆಸರ್ ಅವುಗಳ ನಂತರ ಬರುತ್ತದೆ.

ಯಾರ ಕೆಲಸ ಎಂಥದು

ಮೂರು ಮಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡೋಣ. ಧಾರವಾಡದ ಒಂದು ಮನೆಯಲ್ಲಿ ಹಳೆಯ ಸಂಗೀತ ಕಛೇರಿಗಳ ಕ್ಯಾಸೆಟ್‌ಗಳಿವೆ, ಅವನ್ನು ಡಿಜಿಟಲ್ ರೂಪಕ್ಕೆ ತಂದು ಉಳಿಸಬೇಕು. ಹುಬ್ಬಳ್ಳಿಯ ಒಂದು ಸ್ಟುಡಿಯೋದವರು ಮದುವೆಗಳನ್ನು ಚಿತ್ರೀಕರಿಸಿ ಎಡಿಟ್ ಮಾಡುತ್ತಾರೆ. ಗದಗಿನ ಒಂದು ಮುದ್ರಣಾಲಯಕ್ಕೆ ಪುಸ್ತಕ, ಪಂಚಾಂಗ, ಲಗ್ನಪತ್ರಿಕೆಗಳ ವಿನ್ಯಾಸ ಮಾಡಿಕೊಡುವವರಿದ್ದಾರೆ. ಮೂವರೂ ಅಂಗಡಿಯಲ್ಲಿ ಕೇಳುವುದು ‘ಒಳ್ಳೆಯ ಮಶೀನು’ ಎಂದೇ, ಆದರೆ ಮೂವರಿಗೂ ಬೇಕಾದದ್ದು ಬೇರೆ ಬೇರೆ.

ಕ್ಯಾಸೆಟ್‌ಗಳ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದರೆ ಅಚ್ಚರಿಯಾಗುತ್ತದೆ. ಸಂರಕ್ಷಣೆಗೆ ಯೋಗ್ಯವಾದ 24 ಬಿಟ್, 96 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಸ್ಟೀರಿಯೋ ಧ್ವನಿಯನ್ನು ದಾಖಲಿಸಿದರೆ ಸೆಕೆಂಡಿಗೆ 5,76,000 ಬೈಟ್, ಎಂದರೆ ಒಂದು ತಾಸಿಗೆ ಸುಮಾರು 2 ಜಿಬಿ ಬೇಕಾಗುತ್ತದೆ. ತೊಂಬತ್ತು ನಿಮಿಷದ 500 ಕ್ಯಾಸೆಟ್‌ಗಳಿದ್ದರೂ ಒಟ್ಟು 750 ತಾಸು, ಸುಮಾರು 1.5 ಟಿಬಿ. ಫ್ಲಾಕ್ ರೂಪಕ್ಕೆ ಇಳಿಸಿದರೆ ಧ್ವನಿಯಲ್ಲಿ ಏನೂ ಕಳೆಯದೆ ಅದು ಇನ್ನೂ ಕಡಿಮೆಯಾಗುತ್ತದೆ. ಒಂದು ಜೀವಮಾನದ ಸಂಗ್ರಹ 2 ಟಿಬಿಯ ಡಿಸ್ಕಿನಲ್ಲಿ ಕುಳಿತುಕೊಳ್ಳುತ್ತದೆ! ಇವರಿಗೆ ದೊಡ್ಡ ಡಿಸ್ಕಾಗಲಿ ವೇಗದ ಪ್ರೊಸೆಸರಾಗಲಿ ಬೇಕಿಲ್ಲ. ಇವರಿಗೆ ಬೇಕಾದದ್ದು ಅದೇ ಸಂಗ್ರಹದ ಮೂರು ಪ್ರತಿಗಳು.

ಮದುವೆಯ ಚಿತ್ರೀಕರಣದ್ದು ಇದಕ್ಕೆ ತದ್ವಿರುದ್ಧ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ಚಿತ್ರೀಕರಿಸುವ ಒಂದು ಕ್ಯಾಮೆರಾ ತಾಸಿಗೆ 45 ಜಿಬಿ ತುಂಬುತ್ತದೆ, ಎರಡು ಕ್ಯಾಮೆರಾ ಆರು ತಾಸು ಓಡಿದರೆ ಒಂದೇ ಮದುವೆಗೆ 540 ಜಿಬಿ. ಇವರಿಗೆ ದೊಡ್ಡ ಸಂಗ್ರಹವೂ ಬೇಕು, ಎಡಿಟಿಂಗಿಗೆ ಶಕ್ತಿಯೂ ಬೇಕು. ಮುದ್ರಣದ ವಿನ್ಯಾಸಕರ ಕಡತಗಳು ಇವೆರಡರ ನಡುವೆ ಬರುತ್ತವೆ. ಅವರ ಹಣ ಹೆಚ್ಚಾಗಿ ಹೋಗಬೇಕಾದದ್ದು ಬಣ್ಣವನ್ನು ನಿಜವಾಗಿ ತೋರಿಸುವ ಮಾನಿಟರಿಗೆ ಮತ್ತು ರ್‍ಯಾಮಿಗೆ.

ಇದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಮಶೀನು ದಿನಕ್ಕೆ ಎಷ್ಟು ತಾಸು ಹೊತ್ತಿರುತ್ತದೆ? ಸರ್ವರ್ 24 ತಾಸೂ ಹೊತ್ತಿರುತ್ತದೆ, ಆದರೆ ಅದರಲ್ಲಿ ಬಹುಪಾಲು ಹೊತ್ತು ಸುಮ್ಮನೆ ಕುಳಿತಿರುತ್ತದೆ. ವರ್ಕ್‌ಸ್ಟೇಷನ್ ಎಂಟು ತಾಸು ಹೊತ್ತಿದ್ದು ಅಷ್ಟೂ ಹೊತ್ತು ದುಡಿಯುತ್ತದೆ. ಸರ್ವರಿನಲ್ಲಿ ನೋಡಬೇಕಾದದ್ದು ಸುಮ್ಮನಿದ್ದಾಗಿನ ವಿದ್ಯುತ್ ಬಳಕೆ, ವರ್ಕ್‌ಸ್ಟೇಷನ್ನಿನಲ್ಲಿ ನೋಡಬೇಕಾದದ್ದು ಪೂರ್ತಿ ದುಡಿಯುವಾಗಿನ ಬಿಸಿ. ಈ ಎರಡನ್ನೂ ಒಂದೇ ಕ್ಯಾಬಿನೆಟ್ಟಿನಲ್ಲಿ ಕೂಡಿಸಲು ಹೋದರೆ ದೊಡ್ಡ ಗ್ರಾಫಿಕ್ಸ್ ಕಾರ್ಡು ರಾತ್ರಿಯಿಡೀ ಕೆಲಸವಿಲ್ಲದೆ ಕರೆಂಟು ತಿನ್ನುತ್ತಿರುತ್ತದೆ, ಎಡಿಟಿಂಗ್ ತಂತ್ರಾಂಶ ಕೈಕೊಟ್ಟು ರೀಸ್ಟಾರ್ಟ್ ಮಾಡಿದಾಗಲೆಲ್ಲ ಮನೆಯವರ ಫೋಟೋ ಸರ್ವರೂ ನಿಲ್ಲುತ್ತದೆ. ಹಣ ಎಷ್ಟೇ ಬಿಗಿಯಾಗಿದ್ದರೂ ಒಂದು ಸಣ್ಣ ಸರ್ವರ್ ಮತ್ತು ಒಂದು ಸಾಧಾರಣ ವರ್ಕ್‌ಸ್ಟೇಷನ್ ಎಂದು ಎರಡಾಗಿ ಮಾಡುವುದು ಉತ್ತಮ.

ವಿದ್ಯುತ್ತಿನ ಲೆಕ್ಕ

ಒಂದು ವ್ಯಾಟ್ ವರ್ಷವಿಡೀ ಉರಿದರೆ 8.76 ಯುನಿಟ್ ಆಗುತ್ತದೆ. ಸುಮ್ಮನಿದ್ದಾಗಲೂ 60 ವ್ಯಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪನ್ನು ಸರ್ವರ್ ಮಾಡಿಕೊಂಡರೆ ತಿಂಗಳಿಗೆ 43 ಯುನಿಟ್. 12 ವ್ಯಾಟ್ ಎಳೆಯುವ ಸಣ್ಣ ಮಶೀನಿಗೆ 9 ಯುನಿಟ್‌ಗಿಂತ ಕಡಿಮೆ. ಯುನಿಟ್‌ಗೆ ಆರು ರೂಪಾಯಿಯಂತೆ ಹಿಡಿದರೂ ವ್ಯತ್ಯಾಸ ತಿಂಗಳಿಗೆ ಇನ್ನೂರು ರೂಪಾಯಿ, ವರ್ಷಕ್ಕೆ ಎರಡೂವರೆ ಸಾವಿರದ ಹತ್ತಿರ. ಹೆಸ್ಕಾಂ ವ್ಯಾಪ್ತಿಯ ಮನೆಗಳಲ್ಲಿ ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯುನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ. ತಿಂಗಳಿಗೆ 160–170 ಯುನಿಟ್ ಬಳಸುವ ಮನೆಯೊಂದು 43 ಯುನಿಟ್‌ನ ಸರ್ವರನ್ನು ಸೇರಿಸಿಕೊಂಡರೆ ಮಿತಿ ದಾಟುತ್ತದೆ, 9 ಯುನಿಟ್‌ನದನ್ನು ಸೇರಿಸಿಕೊಂಡರೆ ದಾಟುವುದಿಲ್ಲ. ‘ಹಳೆಯದು ಮನೆಯಲ್ಲೇ ಇದೆ, ಅದನ್ನೇ ಸರ್ವರ್ ಮಾಡೋಣ’ ಎನ್ನುವ ಮುನ್ನ ಕಳೆದ ಕೆಲವು ತಿಂಗಳ ಬಿಲ್ಲುಗಳನ್ನು ತೆಗೆದು ನೋಡುವುದು ಒಳಿತು. ಪ್ಲಗ್ಗಿಗೆ ಸಿಕ್ಕಿಸಿ ವ್ಯಾಟ್ ಅಳೆಯುವ ಸಣ್ಣ ಮೀಟರುಗಳು ದೊರೆಯುತ್ತವೆ, ಊಹೆ ಮಾಡುತ್ತ ಕೂಡುವ ಅಗತ್ಯವಿಲ್ಲ.

ಎಸ್‌ಎಂಪಿಎಸ್ ಆರಿಸುವಾಗ ಎಷ್ಟು ದೊಡ್ಡದೋ ಅಷ್ಟು ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸರ್ವರಿನ ಮಟ್ಟಿಗೆ ಅದು ತಪ್ಪು. ಕರೆಂಟು ಎಷ್ಟು ಕಡಿಮೆ ಪೋಲಾಗುತ್ತದೆ ಎಂದು ಹೇಳುವ 80 ಪ್ಲಸ್ ಪ್ರಮಾಣಪತ್ರದ ಬ್ರಾಂಜ್, ಗೋಲ್ಡ್ ದರ್ಜೆಗಳ ಪರೀಕ್ಷೆ ಶೇ. 20ರ ಹೊರೆಯಿಂದ ಶುರುವಾಗುತ್ತದೆ, ಅದಕ್ಕಿಂತ ಕೆಳಗಿನ ಹೊರೆಯಲ್ಲಿ ಪೆಟ್ಟಿಗೆಯ ಮೇಲಿನ ಚಿಹ್ನೆ ಯಾವ ಭರವಸೆಯನ್ನೂ ಕೊಡುವುದಿಲ್ಲ. 30 ವ್ಯಾಟ್ ಎಳೆಯುವ ಸರ್ವರಿಗೆ 750 ವ್ಯಾಟಿನ ಎಸ್‌ಎಂಪಿಎಸ್ ಹಾಕಿದರೆ ಅದು ಶೇ. 4ರ ಹೊರೆಯಲ್ಲಿ ನಡೆಯುತ್ತದೆ, ಅಲ್ಲಿ ಪೋಲಾಗುವ ಪಾಲು ಹೆಚ್ಚು. ಎರಡರಿಂದ ನಾಲ್ಕು ಡಿಸ್ಕಿನ ಸರ್ವರಿಗೆ ಒಳ್ಳೆಯ ತಯಾರಕರ 400–450 ವ್ಯಾಟಿನದು ಧಾರಾಳವಾಯಿತು. ಡಿಸ್ಕುಗಳು ತಿರುಗಲು ಶುರುಮಾಡುವ ಮೊದಲ ಕೆಲವು ಸೆಕೆಂಡು ಒಂದೊಂದೂ 20–25 ವ್ಯಾಟ್ ಎಳೆಯುವುದರಿಂದ ಅಷ್ಟು ಅವಕಾಶ ಇರಬೇಕು. ಮಾಲೆಕ್ಸ್ ಎಂಬ ಹಳೆಯ ಬಗೆಯ ಪಿನ್ನಿನಿಂದ ಡಿಸ್ಕುಗಳ ಸಾಟಾ ಪಿನ್ನಿಗೆ ಬದಲಿಸುವ ಅಗ್ಗದ ಅಡಾಪ್ಟರುಗಳಲ್ಲಿ ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಎರಕಹೊಯ್ದವು ಒಳಗೇ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳು ಬಹಳ, ಬೇಕಾದಷ್ಟು ಸಾಟಾ ಪಿನ್ನುಗಳಿರುವ ಎಸ್‌ಎಂಪಿಎಸ್ಸನ್ನೇ ಕೊಳ್ಳಿರಿ. ಕ್ಯಾಬಿನೆಟ್ ಜೊತೆಗೆ ಪುಕ್ಕಟೆ ಬರುವ ಹಗುರ ಎಸ್‌ಎಂಪಿಎಸ್ಸಿಗೆ ನಿಮ್ಮ ಸಂಗ್ರಹವನ್ನು ಒಪ್ಪಿಸಬೇಡಿ.

ಇನ್ವರ್ಟರ್ ಇದ್ದರೆ ಯುಪಿಎಸ್ ಯಾಕೆ?

ನಮ್ಮ ಭಾಗದ ಬಹಳಷ್ಟು ಮನೆಗಳಲ್ಲಿ ಇನ್ವರ್ಟರ್ ಇರುವುದರಿಂದ ಈ ಪ್ರಶ್ನೆ ಸಹಜ, ಉತ್ತರವನ್ನು ಸ್ವಲ್ಪ ವಿವರವಾಗಿಯೇ ಕೊಡಬೇಕು. ಕಂಪ್ಯೂಟರಿನ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನ ಬಲದಿಂದ ಕರೆಂಟಿಲ್ಲದೆ ತಾಳಿಕೊಳ್ಳಬಲ್ಲ ಕಾಲ ಪೂರ್ಣ ಹೊರೆಯಲ್ಲಿ ಸುಮಾರು 16–17 ಮಿಲಿಸೆಕೆಂಡು. ಕರೆಂಟು ಹೋದಾಗ ಬ್ಯಾಟರಿಗೆ ಬದಲಾಯಿಸಿಕೊಳ್ಳಲು ಸಾಮಾನ್ಯ ಲೈನ್ ಇಂಟರ‍್ಯಾಕ್ಟಿವ್ ಯುಪಿಎಸ್ 4–10 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಮನೆಯ ಇನ್ವರ್ಟರ್ ಸಾಮಾನ್ಯ ಮೋಡಿನಲ್ಲಿದ್ದರೆ ಅದಕ್ಕಿಂತ ಬಹಳ ಹೆಚ್ಚು ಸಮಯ ಬೇಕಾಗಬಹುದು. ಫ್ಯಾನು, ದೀಪಗಳಿಗೆ ಅದು ಗೊತ್ತಾಗುವುದಿಲ್ಲ, ಸರ್ವರ್ ಮಾತ್ರ ಆರಿ ಹೊತ್ತುತ್ತದೆ. ಬಹುತೇಕ ಇನ್ವರ್ಟರುಗಳ ಹಿಂಬದಿಯಲ್ಲಿ ಅಥವಾ ಬದಿಯಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ‘ಯುಪಿಎಸ್’ ಎಂದೂ ಇನ್ನೊಂದು ಕಡೆ ‘ನಾರ್ಮಲ್’ ಅಥವಾ ‘ಇಕೋ’ ಎಂದೂ ಬರೆದಿರುತ್ತದೆ. ಅದು ಯುಪಿಎಸ್ ಕಡೆಗಿದ್ದರೆ ಬದಲಾವಣೆ ಬೇಗ ಆಗುತ್ತದೆ, ವೋಲ್ಟೇಜ್ ಸುಮಾರು 180ಕ್ಕಿಂತ ಕುಸಿದ ಕೂಡಲೇ ಅದು ಬ್ಯಾಟರಿಗೆ ಹೋಗುತ್ತದೆ. ವೋಲ್ಟೇಜ್ ಪದೇ ಪದೇ ಕುಸಿಯುವ ಓಣಿಗಳಲ್ಲಿ ಬ್ಯಾಟರಿ ಹೆಚ್ಚು ಸವೆಯುವುದು ಇದರ ಬೆಲೆ. ಆ ಸ್ವಿಚ್ ಎಲ್ಲಿದೆ ಎಂದು ಈಗಲೇ ಎದ್ದುಹೋಗಿ ನೋಡುವುದು ಯೋಗ್ಯ.

ಎರಡನೆಯ ಸಂಗತಿ ವಿದ್ಯುತ್ ತರಂಗದ ಆಕಾರ. ಹಳೆಯ, ಅಗ್ಗದ ಇನ್ವರ್ಟರುಗಳು ಚೌಕ ತರಂಗವನ್ನು ಕೊಡುತ್ತವೆ. ಇಂದಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿರುವ ಆಕ್ಟಿವ್ ಪಿಎಫ್‌ಸಿ ವ್ಯವಸ್ಥೆ ಅದರೊಂದಿಗೆ ಹೊಂದಿಕೊಳ್ಳದೆ ಗುಂಯ್‌ಗುಡುವುದು, ಕೆಲವೊಮ್ಮೆ ಆರಿಹೋಗುವುದು ಉಂಟು. ಲೈನಿನ ಕರೆಂಟಿನಂತೆಯೇ ನಯವಾದ ತರಂಗ ಕೊಡುವ ಸೈನ್ ವೇವ್ ಇನ್ವರ್ಟರಿನಲ್ಲಿ ಈ ತೊಂದರೆ ಇರುವುದಿಲ್ಲ. ಅಗ್ಗದ ಯುಪಿಎಸ್‌ಗಳೂ ಬ್ಯಾಟರಿಯ ಮೇಲಿದ್ದಾಗ ಶುದ್ಧ ಸೈನ್ ವೇವ್ ಕೊಡುವುದಿಲ್ಲ ಎಂಬುದನ್ನು ನೆನಪಿಡಬೇಕು.

ಮೂರನೆಯದು ಕಾಲ. 600 ವಿಎ ಯುಪಿಎಸ್‌ನಲ್ಲಿರುವ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ತುಂಬಿರುವುದು 84 ವ್ಯಾಟ್ ಅವರ್ ಮಾತ್ರ. 60 ವ್ಯಾಟಿನ ಸರ್ವರನ್ನು ಅದು ಅರ್ಧ ತಾಸಿನ ಆಸುಪಾಸು ನಡೆಸಬಹುದು. ಇನ್ವರ್ಟರಿನ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್ ಅವರ್ ಇರುತ್ತದೆ. ಹಾಗಾದರೆ ಯುಪಿಎಸ್ ಬೇಡವೇ ಎಂದರೆ, ಬೇಕು. ಯುಪಿಎಸ್‌ನ ಯುಎಸ್‌ಬಿ ತಂತಿಯ ಮೂಲಕ ‘ಕರೆಂಟು ಹೋಗಿದೆ, ಬ್ಯಾಟರಿ ಇಷ್ಟು ಉಳಿದಿದೆ’ ಎಂಬ ಸಂದೇಶ ಸರ್ವರಿಗೆ ತಲುಪುತ್ತದೆ. ನಟ್ ಎಂಬ ಉಚಿತ ತಂತ್ರಾಂಶ ಅದನ್ನು ಓದಿ, ಬ್ಯಾಟರಿ ಮುಗಿಯುವ ಮುನ್ನ ಸರ್ವರನ್ನು ಕ್ರಮಬದ್ಧವಾಗಿ ನಿಲ್ಲಿಸುತ್ತದೆ. ಮನೆಯ ಸಾಮಾನ್ಯ ಇನ್ವರ್ಟರಿನಲ್ಲಿ ಈ ಸೌಲಭ್ಯ ಇರುವುದಿಲ್ಲ. ಆದ್ದರಿಂದ ನಾನು ಎಲ್ಲಕ್ಕಿಂತ ಮೇಲೆಂದು ಭಾವಿಸುವ ಜೋಡಣೆಯೆಂದರೆ ಸೈನ್ ವೇವ್ ಇನ್ವರ್ಟರ್, ಅದರ ಮುಂದೆ ಯುಎಸ್‌ಬಿ ಇರುವ ಸಣ್ಣ ಯುಪಿಎಸ್, ಅದಕ್ಕೆ ಸರ್ವರ್ ಮತ್ತು ರೂಟರ್. ಇನ್ವರ್ಟರ್ ತಾಸುಗಟ್ಟಲೆ ನಡೆಸುತ್ತದೆ, ಯುಪಿಎಸ್ ಆ ಕ್ಷಣದ ಅಂತರವನ್ನು ತುಂಬಿ ಸಂದೇಶ ಕೊಡುತ್ತದೆ. ಯುಪಿಎಸ್ ಕೊಳ್ಳುವಾಗ ವಿಎ ಅಂಕಿಯನ್ನಲ್ಲದೆ ವ್ಯಾಟ್ ಅಂಕಿಯನ್ನು ಓದಬೇಕು. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್, ಗ್ರಾಫಿಕ್ಸ್ ಕಾರ್ಡಿರುವ ವರ್ಕ್‌ಸ್ಟೇಷನ್ನಿಗೆ ಅದು ಸಾಲದು, 1,000 ವಿಎ ಮೇಲ್ಪಟ್ಟದ್ದು ಬೇಕಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಅರ್ಥಿಂಗ್ ಇಲ್ಲದಿದ್ದರೆ, ದಿಢೀರನೆ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ತನ್ನ ಕೆಲಸವನ್ನು ಪೂರ್ತಿ ಮಾಡಲಾರದು. ಹಳೆಯ ಮನೆಗಳಲ್ಲಿ ಮೂರನೆಯ ಪಿನ್ನಿಗೆ ತಂತಿಯೇ ಇಲ್ಲದ ಬೋರ್ಡುಗಳು ಇನ್ನೂ ಇವೆ. ಸಾವಿರಾರು ರೂಪಾಯಿಯ ಬಿಡಿಭಾಗ ಕೊಳ್ಳುವ ಮುನ್ನ ವೈರಮನ್ನರನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಿರಿ. ಇನ್ನು ಸಿಡಿಲು ವಿದ್ಯುತ್ ತಂತಿಯಿಂದಲೇ ಬರಬೇಕೆಂದಿಲ್ಲ. ಮಾಳಿಗೆಯ ಮೇಲಿನ ಕ್ಯಾಮೆರಾದಿಂದ ಇಳಿದುಬಂದ ತಾಮ್ರದ ನೆಟ್‌ವರ್ಕ್ ತಂತಿ ಅದನ್ನು ನೇರವಾಗಿ ಮದರ್‌ಬೋರ್ಡಿಗೆ ತರಬಲ್ಲದು. ಹೊರಗಿನಿಂದ ಬರುವ ತಂತಿಯನ್ನು ಸರ್ವರ್ ಇರುವ ನೆಟ್‌ವರ್ಕ್ ಸ್ವಿಚ್ಚಿಗೆ ಸೇರಿಸದೆ ಬೇರೆ ಇಡುವುದು, ಇಲ್ಲವೆ ನಡುವೆ ಫೈಬರ್ ತುಂಡೊಂದನ್ನು ಹಾಕುವುದು ಸುರಕ್ಷಿತ.

ಡಿಸ್ಕುಗಳ ಆಯ್ಕೆ

ಹಾರ್ಡ್ ಡಿಸ್ಕಿನಲ್ಲಿ ಕಂಪನಿಯ ಹೆಸರಿಗಿಂತ ಮೊದಲು ನೋಡಬೇಕಾದದ್ದು ಅದು ಸಿಎಂಆರ್ ಬಗೆಯದೋ ಎಸ್‌ಎಂಆರ್ ಬಗೆಯದೋ ಎಂಬುದು. ಸಿಎಂಆರ್ ಡಿಸ್ಕಿನಲ್ಲಿ ಬರೆಯುವ ಪಟ್ಟಿಗಳು ಬಿಡಿಬಿಡಿಯಾಗಿರುತ್ತವೆ, ಎಸ್‌ಎಂಆರ್ ಡಿಸ್ಕಿನಲ್ಲಿ ಅವು ಮನೆಯ ಹೆಂಚುಗಳ ಹಾಗೆ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಕುಳಿತಿರುತ್ತವೆ. ನಡುವಿನ ಒಂದನ್ನು ಬದಲಿಸಬೇಕಾದರೆ ಅದರ ಮೇಲಿನವನ್ನೂ ಮತ್ತೆ ಬರೆಯಬೇಕು. ಒಮ್ಮೆ ತುಂಬಿಸಿ ತೆಗೆದಿಡುವ ಬ್ಯಾಕಪ್ಪಿಗೆ ಅದು ನಡೆಯುತ್ತದೆ. ಆದರೆ ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ರೇಡ್ ಗುಂಪಿನಲ್ಲಿ ಒಂದು ಡಿಸ್ಕು ಕೆಟ್ಟು, ಹೊಸದಕ್ಕೆ ಎಲ್ಲವನ್ನೂ ಮರುಬರೆಯುವ ಹೊತ್ತಿನಲ್ಲಿ ಎಸ್‌ಎಂಆರ್ ಡಿಸ್ಕು ವಿಪರೀತ ನಿಧಾನವಾಗುತ್ತದೆ, ಕೆಲವೊಮ್ಮೆ ಗುಂಪಿನಿಂದ ಹೊರಗೇ ಬೀಳುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ 2ರಿಂದ 6 ಟಿಬಿಯ ಕೆಲವು ಮಾದರಿಗಳು ಎಸ್‌ಎಂಆರ್ ಎಂಬುದು ಬೆಳಕಿಗೆ ಬಂದ ಮೇಲೆ ಆ ಕಂಪನಿ ಸಿಎಂಆರ್ ಡಿಸ್ಕುಗಳಿಗೆ ‘ರೆಡ್ ಪ್ಲಸ್’ ಎಂಬ ಹೆಸರು ಕೊಟ್ಟಿತು. ಸೀಗೇಟ್‌ನಲ್ಲಿ ಐರನ್‌ವುಲ್ಫ್ ಸರಣಿ ಸಿಎಂಆರ್. ಡೆಸ್ಕ್‌ಟಾಪಿನ ಬ್ಯಾರಾಕುಡಾ ಸರಣಿಯ 2ರಿಂದ 8 ಟಿಬಿಯ ಸಾಮಾನ್ಯ ಡಿಸ್ಕುಗಳು ಎಸ್‌ಎಂಆರ್. ಅಂಗಡಿಯಲ್ಲಿ ಬಣ್ಣದ ಹೆಸರು ಕೇಳಿ ಸುಮ್ಮನಾಗದೆ, ಡಿಸ್ಕಿನ ಚೀಟಿಯ ಮೇಲಿನ ಪೂರ್ತಿ ಮಾದರಿ ಸಂಖ್ಯೆಯನ್ನು ಕಂಪನಿಯ ಪಟ್ಟಿಯೊಂದಿಗೆ ಹೋಲಿಸಿದ ನಂತರವೇ ಹಣ ಕೊಡಿರಿ.

ಒಂದೇ ಮಾಹಿತಿಯನ್ನು ಎರಡರಲ್ಲೂ ಬರೆಯುವ ಎರಡು ಡಿಸ್ಕಿನ ಮಿರರ್ ಮತ್ತು ಮೂರು–ನಾಲ್ಕು ಡಿಸ್ಕಿನ ರೇಡ್ 5 ಇವುಗಳ ನಡುವೆ ಮನೆಗೆ ಮಿರರನ್ನೇ ನಾನು ಹೇಳುತ್ತೇನೆ. ರೇಡ್ 5ರಲ್ಲಿ ಜಾಗ ಹೆಚ್ಚು ಸಿಗುತ್ತದೆ ನಿಜ, ಆದರೆ ಮಿರರಿನಲ್ಲಿ ಒಂದು ಡಿಸ್ಕು ಕೆಟ್ಟಾಗ ಮರುಜೋಡಣೆ ಸರಳ, ಉಳಿದ ಡಿಸ್ಕಿನ ಮೇಲಿನ ಒತ್ತಡವೂ ಕಡಿಮೆ. ಇವೆರಡೂ ಬ್ಯಾಕಪ್ ಅಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ತಪ್ಪಿ ಅಳಿಸಿದ ಕಡತ ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಸುಡುತ್ತವೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯ ಹೊರಗೆ ಎಂಬ ನಿಯಮವನ್ನು ಪಾಲಿಸುವುದು ನಮಗೆ ಕಷ್ಟವೇನಲ್ಲ. ಹುಬ್ಬಳ್ಳಿಯವರ ಅಕ್ಕನೋ ಅಣ್ಣನೋ ಗದಗಿನಲ್ಲೋ ಹಾವೇರಿಯಲ್ಲೋ ಇದ್ದೇ ಇರುತ್ತಾರೆ. ಹಬ್ಬಕ್ಕೆ ಹೋದಾಗ ಒಂದು ಡಿಸ್ಕು ಅಲ್ಲಿಟ್ಟು, ಅಲ್ಲಿದ್ದ ಹಳೆಯ ಪ್ರತಿಯನ್ನು ತಂದು ಹೊಸದಾಗಿ ತುಂಬಿಸುವ ಪರಿಪಾಠ ಇಟ್ಟುಕೊಂಡರೆ ಸಾಕು. ಆ ಡಿಸ್ಕನ್ನು ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿಡಬೇಕು.

ತಿಜೋರಿಯಲ್ಲಿ ತೆಗೆದಿಡುವ ಪ್ರತಿಗೆ, ಚಿಪ್ಪುಗಳಲ್ಲಿ ಬರೆಯುವ ಎಸ್‌ಎಸ್‌ಡಿಗಿಂತ ಹಾರ್ಡ್ ಡಿಸ್ಕೇ ಮೇಲು. ವಿದ್ಯುತ್ ಇಲ್ಲದೆ ಬಿದ್ದಿರುವ ಎಸ್‌ಎಸ್‌ಡಿ ತನ್ನ ಮಾಹಿತಿಯನ್ನು ಶಾಶ್ವತವಾಗಿ ಹಿಡಿದಿಡುವುದಿಲ್ಲ. ಬರೆಯುವ ಆಯುಷ್ಯ ಮುಗಿಸಿದ ಸಾಮಾನ್ಯ ಎಸ್‌ಎಸ್‌ಡಿ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು ಎಂಬುದು ಮೆಮೊರಿ ಉದ್ಯಮದ ಜೆಡೆಕ್ ಸಂಸ್ಥೆಯ ಮಾನದಂಡ, ಬಿಸಿ ಹೆಚ್ಚಾದಂತೆ ಆ ಅವಧಿ ಕಡಿಮೆಯಾಗುತ್ತದೆ. ಹೊಸ ಎಸ್‌ಎಸ್‌ಡಿ ಅದಕ್ಕಿಂತ ಬಹಳ ಹೆಚ್ಚು ಕಾಲ ತಾಳುತ್ತದೆಯಾದರೂ ಗದಗಿನ ಬೇಸಿಗೆಯಲ್ಲಿ ಮುಚ್ಚಿದ ಕಪಾಟಿನೊಳಗೆ ವರ್ಷಗಟ್ಟಲೆ ಬಿಡುವುದು ಜಾಣತನವಲ್ಲ. ಆಪರೇಟಿಂಗ್ ಸಿಸ್ಟಮ್ಮಿಗೆ ಮತ್ತು ಎಡಿಟಿಂಗ್ ನಡೆಯುತ್ತಿರುವ ಕಡತಗಳಿಗೆ ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ, ಮುಗಿದ ಕೆಲಸಕ್ಕೆ ಹಾರ್ಡ್ ಡಿಸ್ಕು ಎಂಬ ಹಂಚಿಕೆ ಸರಿಯಾದದ್ದು. ಎಸ್‌ಎಸ್‌ಡಿಯಲ್ಲಿ ಟಿಎಲ್‌ಸಿ ಬಗೆಯದು ಕ್ಯೂಎಲ್‌ಸಿಗಿಂತ ಹೆಚ್ಚು ಬರೆಯುವಿಕೆಯನ್ನು ತಾಳುತ್ತದೆ, ದೊಡ್ಡ ಕಡತಗಳನ್ನು ಸತತವಾಗಿ ಬರೆಯುವಾಗ ವೇಗವನ್ನೂ ಕಾಯ್ದುಕೊಳ್ಳುತ್ತದೆ. ಸ್ಟುಡಿಯೋದವರಿಗೆ ಆ ಬೆಲೆ ವ್ಯತ್ಯಾಸ ಸಾರ್ಥಕ.

ಸರ್ವರಿಗೆ ಮಶೀನು ಯಾವುದು

ಈಗ ಪ್ರೊಸೆಸರಿನ ಮಾತಿಗೆ ಬರಬಹುದು. ಮನೆಯ ಸರ್ವರಿಗೆ ನಮ್ಮ ಮುಂದೆ ನಾಲ್ಕು ದಾರಿಗಳಿವೆ.

ಮೊದಲನೆಯದು ಕಂಪನಿಗಳು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಮಿನಿ ಕಂಪ್ಯೂಟರ್. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಲೆನೊವೊ ಥಿಂಕ್‌ಸೆಂಟರ್ ಟೈನಿ ಈ ಜಾತಿಯವು. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಬೆಂಬಲ ನಿಂತಿತು, ವಿಂಡೋಸ್ 11 ಇಂಟೆಲ್‌ನ 8ನೇ ಪೀಳಿಗೆಗಿಂತ ಹಿಂದಿನ ಸಾಮಾನ್ಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಸರ್ವರಿಗೆ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಿಕೊಳ್ಳುವ ನಮಗೆ ಅದು ಅಡ್ಡಿಯಲ್ಲವಾದರೂ ಸಾಧ್ಯವಿದ್ದರೆ 8ನೇ ಪೀಳಿಗೆಯದನ್ನೇ ಹುಡುಕಿರಿ. ಇವು ಸುಮ್ಮನಿದ್ದಾಗ ಹತ್ತು–ಹದಿನೈದು ವ್ಯಾಟಿನೊಳಗೇ ಇರುತ್ತವೆ, ಗಟ್ಟಿಮುಟ್ಟಾಗಿರುತ್ತವೆ. ಇವುಗಳ ಕೊರತೆಯೆಂದರೆ ದೊಡ್ಡ 3.5 ಇಂಚಿನ ಡಿಸ್ಕಿಗೆ ಒಳಗೆ ಜಾಗವಿಲ್ಲ. ಒಂದು ಎನ್‌ವಿಎಂಇ ಮತ್ತು ಒಂದು 2.5 ಇಂಚಿನ ಡಿಸ್ಕು ಕೂಡ್ರುತ್ತವೆ. ಕ್ಯಾಸೆಟ್ ಸಂಗ್ರಹದ ಧಾರವಾಡದ ಮನೆಗೆ ಇದಕ್ಕಿಂತ ಯೋಗ್ಯವಾದದ್ದು ಇನ್ನೊಂದಿಲ್ಲ.

ಎರಡನೆಯದು ಇಂಟೆಲ್ ಎನ್100 ಅಥವಾ ಅದರ ನಂತರದ ಎನ್150 ಇರುವ ಹೊಸ ಬೋರ್ಡು ಅಥವಾ ಮಿನಿ ಕಂಪ್ಯೂಟರ್. 2023ರಲ್ಲಿ ಬಂದ ಎನ್100ನಲ್ಲಿ ನಾಲ್ಕು ಕೋರ್‌ಗಳಿವೆ, ಅದರ ವಿನ್ಯಾಸದ ಶಕ್ತಿಮಿತಿ 6 ವ್ಯಾಟ್. ಕಡತ ಹಂಚಿಕೆ, ಮನೆಯವರ ಫೋಟೋಗಳು, ವಿಡಿಯೋ ಪ್ರಸಾರ ಇವಿಷ್ಟಕ್ಕೆ ಧಾರಾಳ. ರ್‍ಯಾಮ್ ಅಧಿಕೃತವಾಗಿ 16 ಜಿಬಿಗೆ ಸೀಮಿತ, ಅದೂ ಒಂದೇ ಚಾನೆಲ್. ಕಾರ್ಡುಗಳನ್ನು ಪ್ರೊಸೆಸರಿಗೆ ಜೋಡಿಸುವ ಪಿಸಿಐಇ ಲೇನುಗಳು ಒಂಬತ್ತೇ ಇರುವುದರಿಂದ ಮುಂದೆ ಕಾರ್ಡುಗಳನ್ನು ಸೇರಿಸುತ್ತ ಹೋಗುವ ಆಸೆ ಇದ್ದವರಿಗೆ ಇದು ಬೇಗ ಇಕ್ಕಟ್ಟಾಗುತ್ತದೆ.

ಮೂರನೆಯದು ಜೋಡಿಸಿದ ಡೆಸ್ಕ್‌ಟಾಪ್. ಕೋರ್ ಐ3-12100 ಮತ್ತು ಡಿಡಿಆರ್4 ರ್‍ಯಾಮ್ ಹಿಡಿಸುವ ಎಚ್610 ಬೋರ್ಡು, ಅಥವಾ ರೈಜನ್ 5 5600ಜಿ ಮತ್ತು ಬಿ550 ಬೋರ್ಡು ಇಲ್ಲಿನ ಸಮತೂಕದ ಆಯ್ಕೆಗಳು. ಎರಡರಲ್ಲೂ ಗ್ರಾಫಿಕ್ಸ್ ಒಳಗೇ ಇದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಅಕ್ಷರ ಇದ್ದರೆ ಗ್ರಾಫಿಕ್ಸ್ ಇರುವುದಿಲ್ಲ, ಸ್ವಲ್ಪ ಹಣ ಉಳಿಸಲು ಅದನ್ನು ಸರ್ವರಿಗೆ ಕೊಳ್ಳಬಾರದು. ವಿಡಿಯೋವನ್ನು ಬೇರೆ ರೂಪಕ್ಕೆ ಬದಲಿಸುತ್ತ ಮೊಬೈಲಿಗೆ ಕಳಿಸುವ ಕೆಲಸವಿದ್ದರೆ ಇಂಟೆಲ್‌ನ ಕ್ವಿಕ್ ಸಿಂಕ್ ಎಂಬ ಒಳಸೌಲಭ್ಯ ಅನುಕೂಲ. ಸುಮ್ಮನಿದ್ದಾಗಿನ ಬಳಕೆಯಲ್ಲಿಯೂ ಇಂಟೆಲ್ ಮತ್ತು ರೈಜನ್‌ನ ‘ಜಿ’ ಸರಣಿ, ಹಲವು ಚಿಪ್ಪುಗಳನ್ನು ಕೂಡಿಸಿ ಮಾಡಿದ ಇತರ ಡೆಸ್ಕ್‌ಟಾಪ್ ರೈಜನ್‌ಗಳಿಗಿಂತ ಸಾಮಾನ್ಯವಾಗಿ ಮಿತವ್ಯಯದವು. ತಪ್ಪು ತಿದ್ದುವ ಇಸಿಸಿ ರ್‍ಯಾಮ್ ಬೇಕೇ ಬೇಕು ಎನ್ನುವವರು 5600ಜಿ ಅದನ್ನು ಬೆಂಬಲಿಸುವುದಿಲ್ಲ ಎಂಬುದನ್ನು ತಿಳಿದಿರಬೇಕು, ಅದಕ್ಕೆ ಪ್ರೊ ಮಾದರಿಗಳು ಬೇಕು. ಇಸಿಸಿ ಇದ್ದರೆ ಒಳ್ಳೆಯದು, ಆದರೆ ಎರಡನೆಯ ಬ್ಯಾಕಪ್ ಡಿಸ್ಕು ಮತ್ತು ಇಸಿಸಿ ಇವುಗಳಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ಡಿಸ್ಕನ್ನೇ ಕೊಳ್ಳಬೇಕು. ಹುಬ್ಬಳ್ಳಿಯ ಸ್ಟುಡಿಯೋಕ್ಕೆ ನಾಲ್ಕು ಡಿಸ್ಕಿನ ಈ ಜೋಡಣೆ ಹೊಂದುತ್ತದೆ.

ನಾಲ್ಕನೆಯದು ಡೇಟಾ ಸೆಂಟರಿನಿಂದ ಹೊರಬಂದ ಇಂಟೆಲ್ ಝಿಯಾನ್ ಪ್ರೊಸೆಸರಿನ ಹಳೆಯ ಸರ್ವರ್. ಕೋರ್‌ಗಳ ಸಂಖ್ಯೆ, ರ್‍ಯಾಮಿನ ಗಾತ್ರ ನೋಡಿದರೆ ಮನಸ್ಸು ಎಳೆಯುತ್ತದೆ. ಆದರೆ ಸುಮ್ಮನಿದ್ದಾಗಲೇ ನೂರು ವ್ಯಾಟ್ ದಾಟುವುದು, ಫ್ಯಾನುಗಳ ಸದ್ದಿಗೆ ಮನೆಯಲ್ಲಿ ಯಾರೂ ಮಲಗಲಾಗದು. ಅದರ ರಿಜಿಸ್ಟರ್ಡ್ ರ್‍ಯಾಮ್ ಸಾಮಾನ್ಯ ಬೋರ್ಡಿಗೆ ಹೊಂದುವುದೂ ಇಲ್ಲ. ಕಲಿಕೆಗಾಗಿ ವಾರಕ್ಕೊಮ್ಮೆ ಹೊತ್ತಿಸುವ ವಿದ್ಯಾರ್ಥಿಗೆ ಸರಿ, ಮನೆಯ ಸರ್ವರಿಗೆ ಬೇಡ.

ರ್‍ಯಾಮ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬರೀ ಕಡತಗಳಿಗೆ 8 ಜಿಬಿ, ಹಲವು ಸೇವೆಗಳಿದ್ದರೆ 16 ಜಿಬಿ. ಡಿಸ್ಕಿನ ಒಂದೊಂದು ಟಿಬಿಗೂ ಒಂದು ಜಿಬಿ ಬೇಕೆಂಬ ಮಾತು ಮನೆಯ ಬಳಕೆಗೆ ಕಟ್ಟುನಿಟ್ಟಾದ ನಿಯಮವಲ್ಲ. 2025ರ ಕೊನೆಯಿಂದ ರ್‍ಯಾಮ್ ಬೆಲೆ ತೀವ್ರವಾಗಿ ಏರಿರುವುದರಿಂದ, ಮನೆಯಲ್ಲಿ ಹಳೆಯ ಡಿಡಿಆರ್4 ರ್‍ಯಾಮ್ ಇದ್ದವರು ಅದನ್ನು ಹಿಡಿಸುವ ಬೋರ್ಡನ್ನೇ ಆರಿಸುವುದು ಜಾಣತನ. ನೆಟ್‌ವರ್ಕಿನಲ್ಲಿ 1 ಗಿಗಾಬಿಟ್ ತಂತಿ ಸೆಕೆಂಡಿಗೆ 110 ಎಂಬಿಯಷ್ಟು ಸಾಗಿಸುತ್ತದೆ, ಸ್ಟುಡಿಯೋದವರು ಮಾತ್ರ 2.5 ಗಿಗಾಬಿಟ್ ನೋಡಲಿ. ಅದಕ್ಕೆ ಗೋಡೆಯೊಳಗಿನ ಕ್ಯಾಟ್ 5ಇ ತಂತಿಯೇ ಸಾಕು.

ವರ್ಕ್‌ಸ್ಟೇಷನ್ ಮತ್ತು ಬಿಸಿಲು

ಎಡಿಟಿಂಗಿನ ವರ್ಕ್‌ಸ್ಟೇಷನ್ನಿಗೆ ಆರರಿಂದ ಎಂಟು ಕೋರಿನ ಪ್ರೊಸೆಸರ್, 32 ಜಿಬಿ ರ್‍ಯಾಮ್, ಒಂದು ಗ್ರಾಫಿಕ್ಸ್ ಕಾರ್ಡು ಎಂಬುದು ಇಂದಿನ ಸಾಧಾರಣ ಅಳತೆ. ರೈಜನ್ ಕೂಡುವ ಎಎಂ5 ಸಾಕೆಟ್ಟಿನ ಬೋರ್ಡಿಗೆ ಡಿಡಿಆರ್5 ಕಡ್ಡಾಯ, ಆದರೆ ಮುಂದಿನ ಪೀಳಿಗೆಯ ಪ್ರೊಸೆಸರ್ ಹಾಕಿಕೊಳ್ಳುವ ದಾರಿ ತೆರೆದಿರುತ್ತದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿಗೆ ಆ ಭವಿಷ್ಯವಿಲ್ಲ. ಸೆಕೆಂಡ್ ಹ್ಯಾಂಡ್ 13 ಅಥವಾ 14ನೇ ಪೀಳಿಗೆಯ ಮೇಲ್ದರ್ಜೆಯ ಇಂಟೆಲ್ ಕೊಳ್ಳುವವರು ಎಚ್ಚರವಾಗಿರಬೇಕು. ವೋಲ್ಟೇಜ್ ಹೆಚ್ಚಾಗಿ ಹರಿದು ಪ್ರೊಸೆಸರ್ ಕ್ರಮೇಣ ಹಾಳಾಗುವ ದೋಷಕ್ಕೆ ಕಂಪನಿ 2024ರಲ್ಲಿ ಮೈಕ್ರೋಕೋಡ್ (ಪ್ರೊಸೆಸರಿನ ಒಳ ತಂತ್ರಾಂಶ) ಪರಿಹಾರ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು, ಆದರೆ ಅದಕ್ಕೂ ಮೊದಲು ಹಾನಿಗೊಳಗಾದ ಪ್ರೊಸೆಸರನ್ನು ಆ ಪರಿಹಾರ ಸರಿಪಡಿಸುವುದಿಲ್ಲ.

ಗ್ರಾಫಿಕ್ಸ್ ಕಾರ್ಡಿನಲ್ಲಿ ಹೊಸದು ಯಾವಾಗಲೂ ಮೇಲು ಎಂದುಕೊಳ್ಳಬೇಡಿ. 2021ರ ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿ ಮೆಮೊರಿ ಇದೆ, 2023ರ 4060ರಲ್ಲಿ ಇರುವುದು 8 ಜಿಬಿ. 4060 ವೇಗದಲ್ಲಿ ಮುಂದಿದೆ, 170ರ ಬದಲು 115 ವ್ಯಾಟ್‌ನಲ್ಲಿ ಕೆಲಸ ಮುಗಿಸುತ್ತದೆ. ಆದರೆ ಎಐ ಭಾಷಾ ಮಾದರಿಗಳನ್ನು ಮನೆಯಲ್ಲೇ ಓಡಿಸಿ ಕಲಿಯುವ ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಮೆಮೊರಿಯೇ ಮುಖ್ಯ, ಮಾದರಿ ಕಾರ್ಡಿನ ಮೆಮೊರಿಯಲ್ಲಿ ಹಿಡಿಸದಿದ್ದರೆ ವೇಗ ಇದ್ದೂ ಉಪಯೋಗವಿಲ್ಲ. ಗದಗಿನ ವಿನ್ಯಾಸಕರಿಗೆ ಈ ಎರಡೂ ಬೇಡ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಸಾಕು, ಉಳಿದ ಹಣವನ್ನು ಮಾನಿಟರಿಗೆ ಹಾಕಲಿ.

ಕ್ಯಾಬಿನೆಟ್ ಆಯ್ಕೆಯಲ್ಲಿ ಮುಂಭಾಗಕ್ಕೆ ಪೂರ್ತಿ ಗಾಜು ಹಾಕಿದವನ್ನು ಬಿಟ್ಟು ಜಾಳಿಗೆ ಮುಖದ್ದನ್ನು ನೋಡಿರಿ, ಕಳಚಿ ತೊಳೆಯಬಹುದಾದ ಫಿಲ್ಟರ್ ಇರಲಿ. ಒಳಗೆ ಗಾಳಿ ತಳ್ಳುವ ಫ್ಯಾನುಗಳು ಹೊರಗೆ ಎಳೆಯುವವುಗಳಿಗಿಂತ ಒಂದಾದರೂ ಹೆಚ್ಚಿದ್ದರೆ, ಗಾಳಿ ಫಿಲ್ಟರಿನ ದಾರಿಯಿಂದಲೇ ಬರುತ್ತದೆ, ಸಂದಿಗಳಿಂದ ದೂಳು ನುಗ್ಗುವುದಿಲ್ಲ. ಕೋಣೆಯೇ 36–38 ಡಿಗ್ರಿ ಇರುವ ಏಪ್ರಿಲ್ ಮಧ್ಯಾಹ್ನ ಡಿಸ್ಕುಗಳು ಸಹಜವಾಗಿಯೇ 45ರ ಮೇಲೆ ಹೋಗುತ್ತವೆ. ಡಿಸ್ಕುಗಳ ಘೋಷಿತ ಮಿತಿ 60–65 ಡಿಗ್ರಿ ಇದ್ದರೂ ಅವುಗಳ ಮುಂದೆ ನಿಧಾನವಾಗಿ ತಿರುಗುವ ಒಂದು 120 ಮಿಲಿಮೀಟರ್ ಫ್ಯಾನ್ ಇಟ್ಟು 50ರೊಳಗೆ ಇರಿಸಲು ಪ್ರಯತ್ನಿಸಬೇಕು. ಮಣ್ಣಿನ ಮಾಳಿಗೆಯ ಮನೆಗಳು ತಂಪಾಗಿರುತ್ತವೆ, ಆದರೆ ಮೇಲಿನಿಂದ ಮಣ್ಣು ಉದುರುತ್ತದೆ. ಅಲ್ಲಿ ಮೇಲ್ಭಾಗ ತೆರೆದ ಕ್ಯಾಬಿನೆಟ್ ಸಲ್ಲದು. ಬ್ಯಾಡಗಿಯ ಮಾರುಕಟ್ಟೆಯ ಸುತ್ತ ಅಂಗಡಿ ಇಟ್ಟುಕೊಂಡವರು ಮೆಣಸಿನಕಾಯಿಯ ಸೀಸನ್ನಿನಲ್ಲಿ ಫಿಲ್ಟರನ್ನು ಇನ್ನೂ ಬೇಗ ಬೇಗ ತೊಳೆಯಬೇಕಾಗುತ್ತದೆ.

ಕೊಳ್ಳುವ ಹೊತ್ತಿನಲ್ಲಿ

ಹುಬ್ಬಳ್ಳಿಯ ಅಂಗಡಿ ಮತ್ತು ಆನ್‌ಲೈನ್ ಬೆಲೆಗಳ ನಡುವೆ ಸ್ವಲ್ಪ ಅಂತರ ಇದ್ದೇ ಇರುತ್ತದೆ. ಎಸ್‌ಎಂಪಿಎಸ್, ಯುಪಿಎಸ್, ಮದರ್‌ಬೋರ್ಡುಗಳನ್ನು ಸ್ಥಳೀಯವಾಗಿ ಕೊಳ್ಳುವುದಕ್ಕೆ ನನ್ನ ಒಲವು, ಯಾಕೆಂದರೆ ಕೆಟ್ಟಾಗ ಹೋಗಿ ಕೇಳಲು ಒಂದು ಮುಖವಿರುತ್ತದೆ. ವಾರಂಟಿಯ ವಸ್ತು ಊರಿನಲ್ಲೇ ಬದಲಾಗುತ್ತದೆಯೋ ಬೆಂಗಳೂರಿಗೆ ಹೋಗಿ ಬರಬೇಕೋ, ಕಳಿಸುವ ಖರ್ಚು ಯಾರದು ಎಂಬುದನ್ನು ಕೊಳ್ಳುವ ಮೊದಲೇ ಕೇಳಿ, ಸೀರಿಯಲ್ ನಂಬರುಗಳನ್ನು ಬರೆದ ಜಿಎಸ್‌ಟಿ ಬಿಲ್ಲು ಪಡೆಯಬೇಕು. ಡಿಸ್ಕಿನ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ನಿಜವಾಗಿ ಉಳಿದಿದೆಯೇ ಎಂದು ಅಲ್ಲಿಯೇ ಮೊಬೈಲಿನಲ್ಲಿ ನೋಡಬಹುದು.

ಮನೆಗೆ ತಂದ ಮೇಲೆ ಕಡತಗಳನ್ನು ತುಂಬಲು ಅವಸರ ಮಾಡಬೇಡಿ. ಮೊದಲು ಮೆಮ್‌ಟೆಸ್ಟ್ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿ ರ್‍ಯಾಮ್ ಪರೀಕ್ಷಿಸಿರಿ. ನಂತರ ಪ್ರತಿ ಡಿಸ್ಕಿನ ಸ್ಮಾರ್ಟ್ ಎಂಬ ಆರೋಗ್ಯ ವಿವರಗಳನ್ನು ತೆರೆದು, ಹೊಸದೆಂದು ಕೊಟ್ಟದ್ದು ಈಗಾಗಲೇ ಎಷ್ಟು ತಾಸು ಓಡಿದೆ ಎಂದು ನೋಡಿ, ಅದರ ದೀರ್ಘ ಪರೀಕ್ಷೆಯನ್ನು ನಡೆಸಿರಿ. ದೊಡ್ಡ ಡಿಸ್ಕಿಗೆ ಅದು ಅರ್ಧ ದಿನಕ್ಕಿಂತ ಹೆಚ್ಚೇ ಹಿಡಿಯಬಹುದು. ಕೊನೆಗೆ ಕಡತಗಳಿಲ್ಲದ ಖಾಲಿ ಸರ್ವರ್ ಓಡುತ್ತಿರುವಾಗಲೇ ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಸಂದೇಶ ಬಂದು ಸರ್ವರ್ ತಾನಾಗಿ ನಿಲ್ಲುತ್ತದೆಯೇ, ಕರೆಂಟು ಮರಳಿದಾಗ ತಾನಾಗಿ ಹೊತ್ತುತ್ತದೆಯೇ ಎಂದು ಪರೀಕ್ಷಿಸಬೇಕು. ಎರಡನೆಯದಕ್ಕೆ ಬಯೋಸ್ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳ ಪರದೆ) ತೆರೆದು ಅದರಲ್ಲಿ ಕರೆಂಟು ಬಂದ ಮೇಲೆ ಮತ್ತೆ ಚಾಲೂ ಆಗುವ ಆಯ್ಕೆಯನ್ನು ಆನ್ ಮಾಡಿರಬೇಕಾಗುತ್ತದೆ. ಅಂಗಡಿಯವರು ಬದಲಿಸಿಕೊಡಲು ಒಪ್ಪುವ ಮೊದಲ ವಾರದೊಳಗೇ ಇವೆಲ್ಲ ಮುಗಿಯಲಿ.